ಪಾಸಿಟಿವ್ ಥಿಂಕಿಂಗ್ ಎಂಬ ಮಾತ್ರೆ

ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ನಾನು ರಾಮೇಶ್ವರಕ್ಕೆ ಹೋಗಲಿಲ್ಲ, ಕಾಶಿಗೆ ಬಂದೆ. ಆದರೆ ಕಾಶಿಗೆ ಬಂದರೂ ಪಾಸಿಟಿವ್ ಥಿಂಕಿಂಗ್‌ನ ಕಾಟ ತಪ್ಪಲಿಲ್ಲ ನೋಡಿ! ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದದ್ದನ್ನು ಇಲ್ಲಿ ಹಿಂದಿಯಲ್ಲಿ ಕೇಳುತ್ತಿದ್ದೇನೆ, ಅಷ್ಟೇ ವ್ಯತ್ಯಾಸ. ಸೋತರೆ ಅದು ನಿನ್ನ ಮನಸ್ಸಿನ ದೋಷ, ಗೆದ್ದರೆ ಅದು ನಮ್ಮ ಭಾಷಣದ ಫಲ. ಇದು ಆ ಸಿದ್ಧಾಂತದ ಸಾರಾಂಶ. ಈ ಸಿದ್ಧಾಂತ ದೊಡ್ಡವರ ತಲೆ ತಿನ್ನುವಷ್ಟು ದಿನ ನಾನು ಸುಮ್ಮನಿದ್ದೆ. ಈಗ ಅದು ಹೈಸ್ಕೂಲು ಮಕ್ಕಳ ಮೈದಾನಕ್ಕೂ ಇಳಿದಿದೆ. ಇನ್ನು ಸುಮ್ಮನಿರುವುದು ಸರಿಯಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಾನು ಮನಶ್ಶಾಸ್ತ್ರ ಓದಿದವನಲ್ಲ, ಎಂ.ಕಾಂ. ಓದಿದವನು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಎದ್ದವನು. ನಮಗೆ ಲೆಕ್ಕಶಾಸ್ತ್ರದ ಮೇಷ್ಟ್ರು ಮೊದಲ ವರ್ಷವೇ ಕಲಿಸಿದ ಒಂದು ತತ್ವವಿದೆ: ಬರಬಹುದಾದ ಲಾಭವನ್ನು ಬರುವ ಮೊದಲೇ ಬರೆದುಕೊಳ್ಳಬೇಡ, ಆಗಬಹುದಾದ ನಷ್ಟಕ್ಕೆ ಮಾತ್ರ ಇವತ್ತೇ ಹಣ ತೆಗೆದಿಡು. ಇದಕ್ಕೆ ಸಂಪ್ರದಾಯ ತತ್ವ ಅಂತ ಹೆಸರು. ಪಾಸಿಟಿವ್ ಥಿಂಕಿಂಗ್‌ನವರ ಪ್ರಕಾರ ನಾವೆಲ್ಲ ನೆಗೆಟಿವ್ ಜನ!

ಇರಲಿ. ಆ ನೆಗೆಟಿವ್ ತತ್ವವನ್ನು ಮರೆತಾಗ ಏನಾಯಿತು ಅಂತ ದೇಶವೇ ನೋಡಿದೆಯಲ್ಲ. 2004ರಿಂದ 2008ರವರೆಗೆ ಸಾಲ ಕೊಟ್ಟಿದ್ದೇ ಕೊಟ್ಟಿದ್ದು. ಎಲ್ಲ ಯೋಜನೆಗಳೂ ಲಾಭ ತರುತ್ತವೆ, ಎಲ್ಲ ರಸ್ತೆಗಳಿಗೂ ಟೋಲ್ ಬರುತ್ತದೆ, ಎಲ್ಲ ಉಕ್ಕಿಗೂ ಗಿರಾಕಿ ಸಿಗುತ್ತಾನೆ ಅಂತ ಎಲ್ಲರೂ ಪಾಸಿಟಿವ್ ಆಗಿದ್ದರು. ಸಾಲ ವಾಪಸು ಬರದಿದ್ದಾಗಲೂ ಪಾಸಿಟಿವ್ ಆಗಿಯೇ ಇದ್ದು, ಹಳೇ ಸಾಲ ತೀರಿಸಲು ಹೊಸ ಸಾಲ ಕೊಟ್ಟು ಪುಸ್ತಕ ಹಸಿರಾಗಿಟ್ಟರು. 2015ರಲ್ಲಿ ರಿಸರ್ವ್ ಬ್ಯಾಂಕು ಬಂದು ಎಲ್ಲರ ಪುಸ್ತಕ ಬಿಚ್ಚಿಸಿತು. 2018ರ ಮಾರ್ಚ್ ಹೊತ್ತಿಗೆ ಬ್ಯಾಂಕುಗಳ ಸುಸ್ತಿ ಸಾಲ ನೂರಕ್ಕೆ 11 ದಾಟಿತ್ತು. ರೋಗಕ್ಕೆ ಹೆಸರಿಟ್ಟ ಮೇಲೆ ಔಷಧ ಶುರುವಾಯಿತು. ಕಳೆದು ಹಾಕುವುದನ್ನು ಕಳೆದು ಹಾಕಿದರು, ಸರ್ಕಾರ ಬಂಡವಾಳ ಸುರಿಯಿತು, ದಿವಾಳಿ ಕಾನೂನು ಬಂತು. 2024ರ ಮಾರ್ಚ್ ಹೊತ್ತಿಗೆ ಅದೇ ಸುಸ್ತಿ ನೂರಕ್ಕೆ 3ಕ್ಕಿಂತ ಕೆಳಗಿಳಿಯಿತು. ಇದರಲ್ಲಿ ಯಾವ ಭಾಷಣಕಾರನ ಪಾತ್ರವೂ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮೈದಾನದಲ್ಲಿ ಬೇಕಾಗುತ್ತದೆ.

ಈಗ ಕಾಶಿಯ ವಿಷಯ. ನಿವೃತ್ತನಾದ ಮೇಲೆ ಮಗಳ ಸಂಸಾರದ ಜೊತೆ ಇಲ್ಲಿ ಬಂದು ನೆಲೆಸಿದೆವು. ಮನೆ ಇರುವುದು ಲಂಕಾದಲ್ಲಿ. ಕಾಶಿಯಲ್ಲಿ ಲಂಕೆಯೇ ಅಂತ ನಗಬೇಡಿ, ರಾಮಲೀಲೆಯಿಂದ ಬಂದ ಹೆಸರು ಅದು. ಊರಿನಿಂದ ಫೋನು ಮಾಡುವವರೆಲ್ಲ ಒಂದೇ ಮಾತು ಹೇಳುತ್ತಾರೆ: "ಪುಣ್ಯವಂತರು ಬಿಡಿ, ಕೊನೆಗಾಲಕ್ಕೆ ಕಾಶಿ ಸೇರಿದಿರಿ!" ನನಗಿನ್ನೂ ಕೊನೆಗಾಲ ಬಂದಿಲ್ಲ ಮಾರಾಯರೇ ಅಂತ ಹೇಳಿ ಹೇಳಿ ಸಾಕಾಗಿದೆ. ನಮ್ಮ ಕಡೆಯವರಿಗೆ ಕಾಶಿ ಎಂದರೆ ಮಣಿಕರ್ಣಿಕಾ, ಹರಿಶ್ಚಂದ್ರ ಘಾಟು, ಗಂಗೆಯ ತಂಬಿಗೆ, ಸಾವು. ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ನಮ್ಮ ಕರ್ನಾಟಕ ಘಾಟು ಇದೆ. ಅಲ್ಲಿಗೆ ಬಂದು ಮುಳುಗು ಹಾಕಿ, ಜಂಗಮವಾಡಿ ಮಠಕ್ಕೋ ವಿಶ್ವನಾಥನ ಗುಡಿಗೋ ಹೋಗಿ, ಮೂರನೆಯ ದಿನ ರೈಲು ಹತ್ತುವವರ ಕಣ್ಣಿಗೆ ಈ ಊರಿನ ಬೆಳಗಿನ ನಾಲ್ಕೂವರೆ ಗಂಟೆ ಬೀಳುವುದಿಲ್ಲ.

ಬೆಳಗಿನ ನಾಲ್ಕೂವರೆಗೆ ಇಲ್ಲಿ ಏನಾಗುತ್ತದೆ? ಜನ ಓಡುತ್ತಾರೆ ಸ್ವಾಮಿ! ಊರಿನ ಹೊರಗಿನ ರಿಂಗ್ ರೋಡು, ಘಾಜೀಪುರದ ರಸ್ತೆ, ಹಳ್ಳಿಯ ಕಾಲುವೆ ಏರಿ, ಎಲ್ಲಿ ನೋಡಿದರೂ ಹುಡುಗರು ಗುಂಪುಗುಂಪಾಗಿ ಓಡುತ್ತಿರುತ್ತಾರೆ. ಈಚಿನ ವರ್ಷಗಳಲ್ಲಿ ಹುಡುಗಿಯರೂ ಇದ್ದಾರೆ. ಇವರು ತೂಕ ಇಳಿಸಲು ಓಡುವವರಲ್ಲ. ಸೈನ್ಯದ ಭರ್ತಿಗೆ 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೇ ಪೂರ್ತಿ ಅಂಕ. ಉತ್ತರ ಪ್ರದೇಶ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಗಂಡಸರು 4.8 ಕಿಲೋಮೀಟರನ್ನು 25 ನಿಮಿಷದಲ್ಲಿ, ಹೆಂಗಸರು 2.4 ಕಿಲೋಮೀಟರನ್ನು 14 ನಿಮಿಷದಲ್ಲಿ ಮುಗಿಸಬೇಕು. ಎರಡು ಎಕರೆ ಜಮೀನು, ನಾಲ್ಕು ಜನ ಅಣ್ಣತಮ್ಮಂದಿರು ಇರುವ ಮನೆಯ ಹುಡುಗನಿಗೆ ಈ ಅಂಕಿಗಳೇ ಗಾಯತ್ರಿ ಮಂತ್ರ. 2022ರಲ್ಲಿ ಅಗ್ನಿಪಥ ಬಂದು, ನಾಲ್ಕು ವರ್ಷದ ಮೇಲೆ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಮುಂದುವರಿಯುತ್ತದೆ ಎಂದಾಗಲೂ ಓಡುವವರು ಓಡುತ್ತಲೇ ಇದ್ದಾರೆ.

ಈ ಗಂಗೆಯ ದಂಡೆಗೆ ದೂರದ ಓಟದ ಇತಿಹಾಸವೇ ಇದೆ. ಇಲ್ಲಿಂದ ಕೆಳಗೆ, ಬಿಹಾರದ ಬಕ್ಸರ್ ಕಡೆಯ ಶಿವನಾಥ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 11ನೆಯವರಾಗಿ ಬಂದರು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷದಲ್ಲಿ ಅವರು ಓಡಿದ ಮ್ಯಾರಥಾನ್ ದಾಖಲೆಯನ್ನು ನಾಲ್ಕು ದಶಕ ದಾಟಿದರೂ ಭಾರತದಲ್ಲಿ ಯಾರೂ ಮುರಿಯಲಿಲ್ಲ. ಇದೇ ವಾರಾಣಸಿ ಜಿಲ್ಲೆಯ ಬಬಿಯಾವ್ ಎಂಬ ಹಳ್ಳಿಯ ರಾಮಸಿಂಗ್ ಯಾದವ್, ಸೈನ್ಯದ ಹವಾಲ್ದಾರ್, 2012ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿ ಲಂಡನ್ ಒಲಿಂಪಿಕ್ಸಿಗೆ ಅರ್ಹತೆ ಪಡೆದರು. ಲಂಡನ್ನಿನಲ್ಲಿ ಸುಮಾರು ಎರಡೂವರೆ ಗಂಟೆಯಲ್ಲಿ ಓಡಿ 78ನೆಯವರಾದರು. ಕೂಲಿ ಮಾಡುವ ಮನೆಯಿಂದ ಬಂದ ಮುನಿತಾ ಪ್ರಜಾಪತಿ ನಡಿಗೆ ಸ್ಪರ್ಧೆಯಲ್ಲಿ ದೇಶದ ಕಿರಿಯರ ದಾಖಲೆ ಬರೆದದ್ದು 2021ರಲ್ಲಿ. ಅವರೂ ಇದೇ ಜಿಲ್ಲೆಯವರು. ಇವರನ್ನೆಲ್ಲ ಬೆಳೆಸಿದ್ದು ಬಡತನ, ಬೆಳಗಿನ ರಸ್ತೆ, ಸೈನ್ಯದ ಅಥವಾ ಶಿಬಿರದ ಊಟ, ಗಡಿಯಾರ ಹಿಡಿದು ನಿಂತ ಒಬ್ಬ ತರಬೇತುದಾರ. ಆದರೆ ಭಾಷಣಕಾರರು ಇವರ ಫೋಟೋ ಹಾಕಿ "ನಂಬಿದರೆ ಎಲ್ಲ ಸಾಧ್ಯ" ಅಂತ ಕೆಳಗೆ ಬರೆದುಕೊಳ್ಳುತ್ತಾರೆ. ಊಟದ ಲೆಕ್ಕ, ಗಡಿಯಾರದ ಲೆಕ್ಕ ಫೋಟೋದಲ್ಲಿ ಕಾಣುವುದಿಲ್ಲವಲ್ಲ!

ನಮ್ಮ ಮೊಮ್ಮಗಳ ಹೈಸ್ಕೂಲಿನಲ್ಲಿ ಕ್ರಾಸ್ ಕಂಟ್ರಿ ತಂಡವಿದೆ. ನಮ್ಮ ಕಡೆ ಗುಡ್ಡಗಾಡು ಓಟ ಅನ್ನುತ್ತೇವಲ್ಲ, ಅದು. ಕಾಶಿಯಲ್ಲಿ ಗುಡ್ಡ ಎಲ್ಲಿದೆ ಅಂತ ಕೇಳಿದರೆ ಉತ್ತರವಿಲ್ಲ. ಊರು ತಟ್ಟೆಯ ಹಾಗೆ ಚಪ್ಪಟೆ. ಘಾಟಿನ ಮೆಟ್ಟಿಲುಗಳೇ ಇಲ್ಲಿಯ ಗುಡ್ಡ, ಗಂಗೆ ಇಳಿದ ಮೇಲೆ ಆಚೆ ದಡದ ಮರಳೇ ಇಲ್ಲಿಯ ಕಾಡು. ಉಳಿದ ದಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣ. ಅರ್ಧಚಂದ್ರಾಕಾರದ ರಸ್ತೆಗಳು, ಎರಡೂ ಬದಿ ಮರಗಳು, 1,300 ಎಕರೆ. 1916ರಲ್ಲಿ ಮಾಳವೀಯರು ಕಟ್ಟಿದ ಈ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಆದ್ದರಿಂದ ಅಲ್ಲಿ ಓಡುವಾಗ ನಮ್ಮ ಮನೆಯ ಮಗುವಿಗೆ ಸ್ವಲ್ಪ ಹಕ್ಕು ಜಾಸ್ತಿ ಅಂತ ನಾನು ತಮಾಷೆ ಮಾಡುವುದುಂಟು.

ಈ ಓಟದ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾದರೆ ನಮ್ಮಂಥ ಲೆಕ್ಕದವರಿಗೆ ಇದಕ್ಕಿಂತ ಚೆಂದದ ಆಟ ಇಲ್ಲ. ಜಾಗತಿಕ ಸ್ಪರ್ಧೆಗಳಲ್ಲಿ ಒಂದು ತಂಡದಿಂದ ಆರು ಜನ ಓಡಿದರೆ ಮೊದಲು ಬಂದ ನಾಲ್ವರ ಸ್ಥಾನ ಕೂಡುತ್ತಾರೆ. ಅಮೆರಿಕದ ಹೈಸ್ಕೂಲುಗಳಲ್ಲಿ ಏಳು ಜನ ಓಡಿ ಐವರ ಸ್ಥಾನ ಲೆಕ್ಕಕ್ಕೆ. ಯಾರ ಮೊತ್ತ ಕಡಿಮೆಯೋ ಆ ತಂಡ ಗೆದ್ದ ಹಾಗೆ. ಒಂದು ತಂಡದವರು 1, 2, 3 ಬಂದು ನಾಲ್ಕನೆಯವಳು 40 ಬಂದರೆ ಮೊತ್ತ 46. ಇನ್ನೊಂದು ತಂಡದಲ್ಲಿ ಒಬ್ಬಳೂ ಪದಕ ಗೆಲ್ಲದೆ 8, 9, 10, 11 ಬಂದರೆ ಮೊತ್ತ 38. ಗೆದ್ದವರು ಎರಡನೆಯ ತಂಡ! ಎಲ್ಲರಿಗಿಂತ ಮುಂದೆ ಓಡುವವಳು ತಂಡವನ್ನು ಗೆಲ್ಲಿಸಲಾರಳು, ಹಿಂದೆ ಉಳಿದವಳನ್ನು ಎಷ್ಟು ಮುಂದಕ್ಕೆ ತಂದಿರಿ ಎನ್ನುವುದೇ ಪ್ರಶ್ನೆ. ನನ್ನನ್ನು ಕೇಳಿದರೆ, ಶಾಲೆ ಅನ್ನುವುದು ಇರಬೇಕಾದದ್ದೂ ಹಾಗೆಯೇ.

ಆ ಮಕ್ಕಳ ಒಂದು ಋತುವಿನ ಕಥೆ ಹೇಳುತ್ತೇನೆ. ಜುಲೈಯಲ್ಲಿ ತಯಾರಿ ಶುರು. ಅದಕ್ಕೆ ಮೊದಲು ಇಲ್ಲಿಯ ಬಿಸಿಲಿನಲ್ಲಿ, 45 ಡಿಗ್ರಿಯಲ್ಲಿ, ಓಡಲು ಸಾಧ್ಯವಿಲ್ಲ. ಆಗಸ್ಟಿನಲ್ಲಿ ಗಂಗೆ ಏರುತ್ತಾಳೆ. 71.262 ಮೀಟರ್ ಅಪಾಯದ ಮಟ್ಟ. ಅದು ಹತ್ತಿರವಾದರೆ ಘಾಟುಗಳೆಲ್ಲ ನೀರೊಳಗೆ, ತಗ್ಗಿನ ಓಣಿಗಳಲ್ಲಿ ದೋಣಿ. ತಂಡದ ಇಬ್ಬರು ಮಕ್ಕಳ ಮನೆಗೆ ನೀರು ನುಗ್ಗಿತ್ತು, ಹತ್ತು ದಿನ ಅವರು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮೊದಲ ಸ್ಪರ್ಧೆ, ನಾಲ್ಕು ಕಿಲೋಮೀಟರ್. ನಮ್ಮ ಮಕ್ಕಳ ಸ್ಥಾನಗಳು 6, 11, 17, 38. ಒಟ್ಟು 72. ಏಳು ಶಾಲೆಗಳಲ್ಲಿ ನಾಲ್ಕನೆಯ ಸ್ಥಾನ.

ಮುಂದಿನ ವಾರ ಶಾಲೆಯವರು ಒಬ್ಬ ಭಾಷಣಕಾರರನ್ನು ಕರೆಸಿದರು. ಕೋಟು, ಟೈ, ಕಿವಿಯಿಂದ ಕೆನ್ನೆಗೆ ಇಳಿದ ಮೈಕು. ಪೋಷಕರಿಗೂ ಆಹ್ವಾನವಿತ್ತು, ನಾನೂ ಹೋಗಿ ಕೂತಿದ್ದೆ. ಮಕ್ಕಳಿಗೆ ಕಣ್ಣು ಮುಚ್ಚಿಸಿ "ನಾನು ಗೆದ್ದೇ ಗೆಲ್ಲುತ್ತೇನೆ" ಅಂತ ಹತ್ತು ಸಲ ಕೂಗಿಸಿದರು. ಅಲ್ಲಿಯವರೆಗೆ ಏನೂ ತೊಂದರೆಯಿಲ್ಲ, ಮಕ್ಕಳಿಗೆ ಕೂಗುವುದು ಖುಷಿಯೇ. ಆಮೇಲೆ ಅವರು ಓಟದ ತಂಡವನ್ನು ಎದ್ದು ನಿಲ್ಲಿಸಿ, 38ನೆಯವಳು ಯಾರು ಅಂತ ಕೇಳಿದರು. ಇ-ರಿಕ್ಷಾ ಓಡಿಸುವವರೊಬ್ಬರ ಮಗಳು, ಹತ್ತನೆಯ ಕ್ಲಾಸು, ಕೈ ಎತ್ತಿದಳು. "ನಿನ್ನ ಕಾಲು ಸೋತಿಲ್ಲ ಮಗಳೇ, ನಿನ್ನ ಮನಸ್ಸು ಸೋತಿದೆ. ನಿನ್ನ ನೆಗೆಟಿವ್ ಯೋಚನೆ ಇಡೀ ತಂಡವನ್ನು ಕೆಳಗೆ ಎಳೆಯಿತು" ಅಂದರು. ಮುನ್ನೂರು ಮಕ್ಕಳ ಎದುರಿಗೆ! ಚಪ್ಪಾಳೆ ಬೇರೆ ಬಿತ್ತು. ಆ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಮರುದಿನದಿಂದ ಓಟಕ್ಕೆ ಬರುವುದನ್ನೇ ನಿಲ್ಲಿಸಿದಳು.

ಅವಳನ್ನು ವಾಪಸು ಕರೆತಂದವರು ಶಾಲೆಯ ಪಿ.ಟಿ. ಮೇಷ್ಟ್ರು. ಕೋಟು ಟೈ ಇಲ್ಲದ ಮನುಷ್ಯ, ಮಾತೂ ಕಡಿಮೆ. ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ, ನಮ್ಮ ಹಳೇ ಲೆಡ್ಜರಿನ ಹಾಗೆ. ಪ್ರತಿಯೊಬ್ಬರ ಸಮಯ, ನಾಡಿ ಬಡಿತ, ನಿದ್ದೆಯ ಗಂಟೆ ಎಲ್ಲ ಬರೆದಿಡುತ್ತಾರೆ. ಆ ಹುಡುಗಿ ಜುಲೈಯಿಂದ ವಾರ ವಾರಕ್ಕೆ ನಿಧಾನವಾಗುತ್ತಿದ್ದದ್ದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದದ್ದು ಅದರಲ್ಲಿ ಇತ್ತು. ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8.4. ಆ ವಯಸ್ಸಿನ ಹುಡುಗಿಗೆ 12 ಇರಬೇಕು. ಅಂದರೆ ಮೂರರಲ್ಲಿ ಒಂದು ಪಾಲಿನಷ್ಟು ಕೊರತೆ! ಬಂಡವಾಳದಲ್ಲಿ ಮೂರನೇ ಒಂದು ಕೊರತೆಯಿರುವ ಕಂಪನಿಗೆ "ಗೆದ್ದೇ ಗೆಲ್ಲುತ್ತೇನೆ ಅಂತ ಕೂಗು" ಅಂತ ಯಾವ ಆಡಿಟರ್ ಹೇಳುತ್ತಾನೆ?

ಇದು ಒಂದು ಹುಡುಗಿಯ ಕಥೆ ಅಂತ ತಿಳಿಯಬೇಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ನಮ್ಮ ಕರ್ನಾಟಕವೂ ಇದರಿಂದ ಹೊರತಲ್ಲ, ಅಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದೇ ತೊಂದರೆ. ಅದಕ್ಕಾಗಿಯೇ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುವ ಯೋಜನೆ ಇರುವುದು. ಮಕ್ಕಳು ಹೊಟ್ಟೆ ತೊಳಸುತ್ತದೆ ಅಂತ ಅದನ್ನು ಕಿಟಕಿಯಿಂದಾಚೆ ಎಸೆಯುತ್ತಾರೆ. ಊಟದ ಮೇಲೆ ನುಂಗು, ನಿಂಬೆಹಣ್ಣಿನ ರಸ ಕುಡಿ, ಅದರ ಹಿಂದೆ ಮುಂದೆ ಚಹಾ ಕುಡಿಯಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ ಅಂತ ಯಾರಾದರೂ ಕೂತು ಹೇಳಿದರೆ ತಾನೇ? ಹೊತ್ತು ಹೊತ್ತಿಗೂ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿಯುವ ಊರು ಇದು! ಮೇಷ್ಟ್ರು ಅದನ್ನು ಹೇಳಿದರು. ಹುಡುಗಿಯ ಮನೆಗೆ ಹೋಗಿ ತಾಯಿಗೂ ಹೇಳಿದರು. ಹುರಿಗಡಲೆ, ಬೆಲ್ಲ, ಸೊಪ್ಪು, ವೈದ್ಯರು ಬರೆದುಕೊಟ್ಟ ಮಾತ್ರೆ. ಆರು ವಾರ ಓಡಿಸಲೇ ಇಲ್ಲ, ನಡೆಸಿದರು. ನವೆಂಬರಿನ ಎರಡನೆಯ ಸ್ಪರ್ಧೆಯಲ್ಲಿ ಅವಳನ್ನು ಹೊರಗಿಟ್ಟರು. ತಂಡ ಮತ್ತೆ ನಾಲ್ಕನೆಯದೇ ಆಯಿತು. "ಮೇಷ್ಟ್ರಿಗೆ ಗೆಲ್ಲುವ ಮನಸ್ಸೇ ಇಲ್ಲ" ಅಂತ ಕೆಲವು ಪೋಷಕರು ಗೊಣಗಿದರು.

ಡಿಸೆಂಬರ್ ಕೊನೆ. ಕಾಶಿಯ ಮಂಜು ಎಂದರೆ ನಮ್ಮ ಮಡಿಕೇರಿಯ ಮಂಜಿನ ಹಾಗೆ ನೋಡಿ ಸಂತೋಷಪಡುವಂಥದ್ದಲ್ಲ, ಹೊಗೆ ಬೆರೆತ ಬೂದಿ ಬಣ್ಣದ ಗೋಡೆ. ಕೆಲವು ಬೆಳಿಗ್ಗೆ ಮೇಷ್ಟ್ರು ಆಕಾಶ ನೋಡಿ "ಇವತ್ತು ಓಟ ಬೇಡ" ಅಂತ ಮಕ್ಕಳನ್ನು ವಾಪಸು ಕಳಿಸಿದ್ದೂ ಇದೆ. ಮೂರನೆಯ ಸ್ಪರ್ಧೆ ಬಿಸಿಲು ಬಂದ ಮೇಲೆ ನಡೆಯಿತು. ನಮ್ಮವರ ಸ್ಥಾನಗಳು 7, 9, 12, 16. ಒಟ್ಟು 44. ಗೆದ್ದ ಶಾಲೆಯದು 41. ಮೂರೇ ಮೂರು ಅಂಕದಲ್ಲಿ ಎರಡನೆಯ ಸ್ಥಾನ!

ಈಗ ಲೆಕ್ಕ ಮಾಡೋಣ ಬನ್ನಿ. ಸೆಪ್ಟೆಂಬರಿನ 72ರಿಂದ ಡಿಸೆಂಬರಿನ 44ಕ್ಕೆ, ಅಂದರೆ 28 ಅಂಕದ ಸುಧಾರಣೆ. ಮೊದಲನೆಯವಳು 6ರಿಂದ 7ಕ್ಕೆ ಹೋದಳು, ಒಂದು ನಷ್ಟ. ಎರಡನೆಯವಳು, ನಮ್ಮ ಮೊಮ್ಮಗಳು, 11ರಿಂದ 9ಕ್ಕೆ ಬಂದಳು, ಎರಡು ಲಾಭ. ಮೂರನೆಯವಳು 17ರಿಂದ 12ಕ್ಕೆ, ಐದು ಲಾಭ. ನಾಲ್ಕನೆಯವಳು 38ರಿಂದ 16ಕ್ಕೆ, ಇಪ್ಪತ್ತೆರಡು! ಇಪ್ಪತ್ತೆಂಟರಲ್ಲಿ ಇಪ್ಪತ್ತೆರಡು ಅಂಕ ಬಂದದ್ದು ಆ ಒಬ್ಬ ಹುಡುಗಿಯಿಂದ. ಯಾರ ಮನಸ್ಸು ತಂಡವನ್ನು ಕೆಳಗೆ ಎಳೆಯಿತು ಅಂತ ಭಾಷಣಕಾರರು ಹೇಳಿದ್ದರೋ, ಅವಳ ರಕ್ತವೇ ತಂಡವನ್ನು ಮೇಲೆತ್ತಿತು. ವಾರ್ಷಿಕೋತ್ಸವದಲ್ಲಿ ಹಾರ ಬಿದ್ದದ್ದು ಮಾತ್ರ ಮೊದಲನೆಯವಳಿಗೆ. ನಾಲ್ಕನೆಯವಳ ಹೆಸರನ್ನು ವೇದಿಕೆಯ ಮೇಲೆ ಯಾರೂ ಎತ್ತಲಿಲ್ಲ. ಮೇಷ್ಟ್ರ ಹೆಸರನ್ನೂ ಎತ್ತಲಿಲ್ಲ. "ನಮ್ಮ ಪಾಸಿಟಿವ್ ಮೈಂಡ್‌ಸೆಟ್ ಕಾರ್ಯಕ್ರಮದ ಫಲ" ಅಂತ ವರದಿ ಓದಿದರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು.

"ಏನ್ರೀ, ಮನಸ್ಸಿಗೆ ಬೆಲೆಯೇ ಇಲ್ಲವಾ?" ಅಂತ ನೀವು ಕೇಳಬಹುದು. ಇದೆ. ಖಂಡಿತ ಇದೆ. ನಾಲ್ಕು ಕಿಲೋಮೀಟರಿನ ಓಟದಲ್ಲಿ ಮೂರನೆಯ ಕಿಲೋಮೀಟರು ಬಂದಾಗ ಎದೆ ಉರಿಯುತ್ತದೆ, ನಿಂತುಬಿಡೋಣ ಅನ್ನಿಸುತ್ತದೆ. ಆಗ ನಿಲ್ಲದೆ ಇರುವುದು ಮನಸ್ಸೇ. ಆದರೆ ಆ ಮನಸ್ಸು ಬಂದದ್ದು ಎಲ್ಲಿಂದ? ಹಿಂದಿನ ವಾರ ಅದೇ ದೂರವನ್ನು ಓಡಿ ಮುಗಿಸಿದ್ದೇನೆ ಎನ್ನುವ ನೋಟ್‌ಬುಕ್ಕಿನ ಸಾಲಿನಿಂದ. ಪಕ್ಕದಲ್ಲಿ ಗೆಳತಿಯ ಉಸಿರು ಕೇಳುವುದರಿಂದ. ಧೈರ್ಯ ಅನ್ನುವುದು ಉಳಿತಾಯ ಖಾತೆಯ ಹಾಗೆ, ಮೊದಲು ಹಾಕಿದ್ದರೆ ಮಾತ್ರ ಆಮೇಲೆ ತೆಗೆಯಲು ಬರುತ್ತದೆ. ಖಾಲಿ ಖಾತೆಗೆ ಚೆಕ್ಕು ಬರೆದುಕೊಡುವುದು ಕಾನೂನಿನಲ್ಲಿ ಅಪರಾಧ. ಭಾಷಣದಲ್ಲಿ ಅದಕ್ಕೆ ಸ್ಫೂರ್ತಿ ಅಂತ ಹೆಸರು!

ಈ ಮೈಂಡ್‌ಸೆಟ್ ಎಂಬ ಮಾತನ್ನು ಲೋಕಕ್ಕೆಲ್ಲ ಹರಡಿದವರು ಅಮೆರಿಕದ ಕ್ಯಾರಲ್ ಡ್ವೆಕ್ ಎಂಬ ಪ್ರಾಧ್ಯಾಪಕಿ, 2006ರ ಅವರ ಪುಸ್ತಕದ ಮೂಲಕ. ಬುದ್ಧಿ, ಸಾಮರ್ಥ್ಯ ಹುಟ್ಟಿನಿಂದಲೇ ನಿಗದಿಯಾದದ್ದಲ್ಲ, ಬೆಳೆಯುತ್ತದೆ ಎಂದು ಮಗು ನಂಬಿದರೆ ಒಳ್ಳೆಯದು ಎಂಬುದು ಅವರ ವಾದ. ಒಳ್ಳೆಯ ವಾದವೇ. ಆದರೆ ಬರೀ ಪ್ರಯತ್ನವನ್ನು ಹೊಗಳಿ ಕೂತರೆ ಸಾಲದು, ದಾರಿ ತೋರಿಸಬೇಕು, ನೆರವು ಕೊಡಬೇಕು ಅಂತ 2015ರಲ್ಲಿ ಅವರೇ ಎಚ್ಚರಿಸಿ ಬರೆದರು. 2019ರಲ್ಲಿ ಅಮೆರಿಕದ 12 ಸಾವಿರಕ್ಕೂ ಹೆಚ್ಚು ಒಂಬತ್ತನೆಯ ತರಗತಿ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ಹಿಂದುಳಿದ ಮಕ್ಕಳ ಅಂಕದ ಸರಾಸರಿ ನಾಲ್ಕರ ಅಳತೆಯಲ್ಲಿ ಏರಿದ್ದು 0.1ರಷ್ಟು. ಅದೂ ಜೊತೆಯ ಮಕ್ಕಳ ವಾತಾವರಣ ಅದಕ್ಕೆ ಹೊಂದಿದ್ದ ಶಾಲೆಗಳಲ್ಲಿ ಹೆಚ್ಚು. ಅಲ್ಪವೆಚ್ಚದ ಕೆಲಸಕ್ಕೆ ಇದು ಕೆಟ್ಟ ಫಲವಲ್ಲ. ಆದರೆ ಇಷ್ಟನ್ನು ತಂದು "ಯೋಚನೆ ಬದಲಾದರೆ ಜೀವನವೇ ಬದಲು" ಅಂತ ಮಾರುವುದು ಕಾಸಿಗೆ ಕೊಂಡ ಸರಕನ್ನು ಕಾಸಿನ ಸರಕ್ಕೆ ಮಾರಿದ ಹಾಗೆ.

ಓಟದ ಇತಿಹಾಸವೂ ಇದೇ ಹೇಳುತ್ತದೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕ್ರಾಸ್ ಕಂಟ್ರಿ ಓಟವಿತ್ತು. ಸುಡು ಬಿಸಿಲು. ಹೊರಟವರು 38 ಜನ, ಮುಗಿಸಿದವರು 15 ಜನ. ಫಿನ್ಲೆಂಡಿನ ಪಾವೋ ನುರ್ಮಿ ಗೆದ್ದ ನಿಜ, ಆದರೆ ದಾರಿಯುದ್ದಕ್ಕೂ ಓಟಗಾರರು ತೂರಾಡಿ ಬಿದ್ದರು. ಅವರೆಲ್ಲ ತಮ್ಮ ತಮ್ಮ ದೇಶದ ಅತ್ಯುತ್ತಮರು, ಅವರಿಗೆ ಮನೋಬಲ ಕಡಿಮೆಯಿತ್ತು ಅಂತ ಯಾವ ಬಾಯಿಂದ ಹೇಳುತ್ತೀರಿ? ಬಿದ್ದವರಿಗೆ ಉಪದೇಶ ಮಾಡದೆ ಒಲಿಂಪಿಕ್ಸಿನವರು ಆ ಸ್ಪರ್ಧೆಯನ್ನೇ ಕೈಬಿಟ್ಟರು. ವ್ಯವಸ್ಥೆ ತಪ್ಪಾದಾಗ ವ್ಯವಸ್ಥೆಯನ್ನು ತಿದ್ದಬೇಕು ಎನ್ನುವಷ್ಟು ವಿವೇಕ ಆಗಿನವರಿಗಿತ್ತು.

ನನ್ನ ಆಕ್ಷೇಪಣೆ ಇರುವುದು ಇಲ್ಲೇ. ಪಾಸಿಟಿವ್ ಥಿಂಕಿಂಗ್ ಎಂಬ ಮಾತ್ರೆ ಅಗ್ಗ. ಒಂದು ದಿನದ ಭಾಷಣಕ್ಕೆ ದುಡ್ಡು ಕೊಟ್ಟರೆ ಮುಗಿಯಿತು. ಮೈದಾನ ಬೇಡ, ಪಿ.ಟಿ. ಮೇಷ್ಟ್ರ ಸಂಬಳ ಬೇಡ, ರಕ್ತ ಪರೀಕ್ಷೆ ಬೇಡ, ಕಡಲೆ ಬೆಲ್ಲ ಬೇಡ. ಸೋತರೆ ಜವಾಬ್ದಾರಿಯೂ ಇಲ್ಲ, ಅದು ಮಗುವಿನ ಮನಸ್ಸಿನ ತಪ್ಪು! ಆಡಳಿತದ ಸಾಲವನ್ನು ಹದಿನೈದು ವರ್ಷದ ಹುಡುಗಿಯ ಖಾತೆಗೆ ಬರೆಯುವ ಈ ವಿದ್ಯೆಗೆ ನಮ್ಮ ವೃತ್ತಿಯಲ್ಲಿ ಬೇರೆ ಹೆಸರಿದೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರು "ಅಯ್ಯೋ, ಯು.ಪಿ.ಯ ಕಥೆ ಇಷ್ಟೇ" ಅಂತ ಪುಟ ತಿರುಗಿಸಬೇಡಿ. ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮಗುವಿನ ಶಾಲೆಯಲ್ಲಿ ಮೈದಾನ ಇದೆಯೇ? ಇದ್ದರೆ ಅದರಲ್ಲಿ ಸ್ಕೂಲ್ ಬಸ್ಸು ನಿಲ್ಲುತ್ತದೋ ಮಕ್ಕಳು ಓಡುತ್ತಾರೋ? ಎಸ್ಸೆಸ್ಸೆಲ್ಸಿ ಬಂದ ಕೂಡಲೇ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಎತ್ತಿಕೊಂಡು ಹೋಗುವುದಿಲ್ಲವೇ? ಬೆಂಗಳೂರಿನಲ್ಲಿ 2008ರಿಂದ ದೊಡ್ಡ ಹತ್ತು ಕಿಲೋಮೀಟರ್ ಓಟ ನಡೆಯುತ್ತಿದೆ, ಸಾವಿರಾರು ಜನ ಶುಲ್ಕ ಕಟ್ಟಿ, ಬಣ್ಣದ ಟೀ ಶರ್ಟು ಹಾಕಿ ಓಡುತ್ತಾರೆ. ಬಹಳ ಸಂತೋಷ. ಅದೇ ಊರಿನ ಸರ್ಕಾರಿ ಶಾಲೆಯ ಹುಡುಗಿ ಓಡಬೇಕೆಂದರೆ ಎಲ್ಲಿ ಓಡಬೇಕು? ನಾಲ್ವಡಿಯವರು ಕಾಶಿಯ ವಿಶ್ವವಿದ್ಯಾಲಯಕ್ಕೆ ಕೊಡುಗೈ ಆದ ನಾಡಿನವರು ನಾವು, ನಮ್ಮ ಮಕ್ಕಳಿಗೆ ನಾಲ್ಕು ಕಿಲೋಮೀಟರ್ ನೆಲ ಕೊಡಲಾರೆವೇ?

ದೂರದಲ್ಲಿ ಕೂತವನು ಉಪದೇಶ ಮಾಡುವುದು ಸುಲಭ ಅನ್ನಬಹುದು. ಆದರೆ ದೂರದಿಂದ ನೋಡಿದಾಗಲೇ ಕೆಲವು ಸಂಗತಿ ಸ್ಪಷ್ಟ ಕಾಣುತ್ತವೆ. ಇಲ್ಲಿ ಗಂಗೆಯ ಮರಳಿನಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳಿಗೂ, ಅಲ್ಲಿ ಹಾವೇರಿ ಕೊಪ್ಪಳದ ಹೊಲದ ಬದುವಿನ ಮೇಲೆ ಓಡುವ ಮಕ್ಕಳಿಗೂ ಕೊರತೆ ಇರುವುದು ಆಸೆಯದ್ದಲ್ಲ. ಆಸೆ ಧಂಡಿಯಾಗಿದೆ. ಕೊರತೆ ಇರುವುದು ದೊಡ್ಡವರು ಮಾಡಬೇಕಾದ ಕೆಲಸದ್ದು.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಏನೂ ಬೇಡ. ಮುಂದಿನ ಸಲ ನಿಮ್ಮ ಶಾಲೆಯವರು ಸ್ಫೂರ್ತಿ ಭಾಷಣಕ್ಕೆ ಪೋಷಕರಿಂದ ದುಡ್ಡು ಕೇಳಿದರೆ ಎದ್ದು ನಿಂತು ಹೇಳಿ: ಆ ದುಡ್ಡಿನಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ಆಟದ ಪೀರಿಯಡ್ಡು ಎಲ್ಲಿ ಹೋಯಿತು ಅಂತ ಟೈಮ್‌ಟೇಬಲ್ ಕೇಳಿ ನೋಡಿ. ಪಿ.ಟಿ. ಮೇಷ್ಟ್ರು ಇದ್ದಾರಾ, ಇದ್ದರೆ ಅವರನ್ನು ಚುನಾವಣೆ, ಗಣತಿ, ಬೆಲ್ಲು ಹೊಡೆಯುವ ಕೆಲಸಕ್ಕೆ ಹಚ್ಚಿದ್ದಾರಾ ವಿಚಾರಿಸಿ. ಮಗು ಸೋತು ಮನೆಗೆ ಬಂದರೆ ಮನಸ್ಸು ಗಟ್ಟಿಮಾಡಿಕೋ ಅನ್ನುವ ಮೊದಲು ಊಟ ಮಾಡಿದೆಯಾ, ನಿದ್ದೆ ಬಂತಾ ಅಂತ ಕೇಳಿ. ಕೈ ಕೆಸರಾದರೆ ಬಾಯಿ ಮೊಸರು ಅಂತ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಮಕ್ಕಳ ಕೈಕಾಲು ಆಗಲೇ ಕೆಸರಾಗಿದೆ ಸ್ವಾಮಿ. ಇನ್ನು ಕೆಸರಾಗಬೇಕಾದದ್ದು ನಮ್ಮ ಕೈ.